ಗೋಡೆ ದಾಟಿದ ಹೆಪ್ಪು

ಗದಗ, ಫೆಬ್ರವರಿ 30, 2189

ಇಪ್ಪತ್ತೊಂದನೆಯ ಶತಮಾನದ ಮೊದಲ ಪಾದದಲ್ಲಿ ಇನ್ನೂ ಉಸಿರಾಡುತ್ತಿರುವ ಮಾನ್ಯ ಹಿರಿಯರೇ,

ಮೊದಲು ತಪ್ಪೊಪ್ಪಿಗೆ, ಆಮೇಲೆ ಕುಶಲ. ಅಂದಾನೆಪ್ಪ ಸೊರಟೂರ ಎಂಬ ಹೆಸರಿನ, ವಯಸ್ಸು ಅರವತ್ತೆಂಟರ, ನಿವೃತ್ತ ಕಾಲೇಜು ಅಧ್ಯಾಪಕನಾದ ನಾನು ಸ್ವಸ್ಥಚಿತ್ತದಿಂದ ಈ ಮೂಲಕ ಘೋಷಿಸುವುದೇನೆಂದರೆ, ಕಳೆದ ಶ್ರಾವಣದ ಒಂದು ಬೆಳಗ್ಗೆ, ಸೂರ್ಯನಾರಾಯಣನ ಸಮಕ್ಷಮ, ಹಿತ್ತಲ ಗೋಡೆಯ ಮೇಲಿದ್ದ ನೆರೆಮನೆಯ ಚಂಪವ್ವನ ಬಟ್ಟಲಿನಿಂದ ಒಂದು ಚಮಚ ಹೆಪ್ಪನ್ನು ಕದ್ದಿದ್ದೇನೆ. ಚಮಚ ನನ್ನ ಸ್ವಂತದ್ದು. ಕದ್ದ ಮೇಲೆ ಬಟ್ಟಲಿನ ಮುಚ್ಚಳವನ್ನು ಮೊದಲಿನಂತೆಯೇ ಮುಚ್ಚಿದ್ದೇನೆ. ಇದನ್ನು ನ್ಯಾಯಾಧೀಶರು ಗಮನಕ್ಕೆ ತೆಗೆದುಕೊಳ್ಳಬೇಕಾಗಿ ವಿನಂತಿ.

ಮೇಲಿನ ದಿನಾಂಕ ನೋಡಿ ಗಾಬರಿಯಾಗಬೇಡಿ. ಜುಲೈ, ಆಗಸ್ಟ್ ಎರಡೂ ತಲಾ ಮೂವತ್ತೊಂದು ದಿನ ಇಟ್ಟುಕೊಂಡು ಮೆರೆಯುತ್ತಿದ್ದುದನ್ನು ನೋಡಲಾರದೆ, ತೊಂಬತ್ತು ವರ್ಷಗಳ ಹಿಂದೆ ಅವುಗಳಿಂದ ಒಂದೊಂದು ದಿನ ಕಿತ್ತು ಬಡ ಫೆಬ್ರವರಿಗೆ ಹಂಚಲಾಯಿತು. ನನ್ನ ಮಾತುಗಳು ವಿಚಿತ್ರವೆನಿಸಿದರೆ ಅದನ್ನೂ ಕ್ಷಮಿಸಿ. ನೀವು ಬಸ್ಸಿನಲ್ಲಿ ಜಗಳಾಡಲು ಬಳಸುವ ಕನ್ನಡವನ್ನು ನಾನು ಮೂವತ್ತೊಂದು ವರ್ಷ ಹಳೆಗನ್ನಡವೆಂದು ಪಾಠ ಹೇಳಿ, ವಿದ್ಯಾರ್ಥಿಗಳನ್ನು ನಿದ್ರೆಗೆ ಕಳಿಸಿದ್ದೇನೆ. ಈ ಕಾಗದ ಬರುತ್ತಿರುವುದು ಹಿಂದಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಯಲ್ಲಿ. ಓಣಿಗೊಂದೇ ಕಾಗದ. ನಮ್ಮ ಓಣಿ ಬರೆಯಲು ನನ್ನನ್ನೇ ಆರಿಸಿತು. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಅದರಲ್ಲಿ ಸ್ವಲ್ಪ ಜಂಭವಿದೆ.

ನೀವು ‘ನ್ಯಾನೋ’ ಎಂದು ಹೆಸರಿಟ್ಟ ವಿದ್ಯೆಯನ್ನು ನಮ್ಮ ಮುತ್ತಜ್ಜಂದಿರು ಬಹಳ ಕಾಲ ‘ನಾನೋ’ ಎಂದೇ ಉಚ್ಚರಿಸಿ, ನಾನೋ ನೀನೋ ನೋಡಿಯೇಬಿಡೋಣ ಎಂದು ಅದರೊಡನೆ ಕುಸ್ತಿಗೂ ಇಳಿದರು. ಆ ವಿದ್ಯೆಯಿಂದ ಹುಟ್ಟಿದ, ಕಣ್ಣಿಗೆ ಕಾಣದ ಯಂತ್ರಗಳಿಗೆ ನಾವು ಧೂಳಾಳು ಎನ್ನುತ್ತೇವೆ. ಸರ್ಕಾರದ ಕಾಗದಗಳಲ್ಲಿ ಅವು ‘ಸೂಕ್ಷ್ಮಸೇವಕ’ರು, ಆ ಹೆಸರಿನಿಂದ ಕರೆದರೆ ಯಾರೂ ಓಗೊಡುವುದಿಲ್ಲ. ಒಂದು ಸಾಸಿವೆ ಕಾಳಿನ ಮೇಲೆ ಗದಗ-ಬೆಟಗೇರಿಯ ಜನರಷ್ಟು ಧೂಳಾಳುಗಳು ಕೂತು ಸಭೆ ನಡೆಸಬಹುದು, ಅದೂ ಅಧ್ಯಕ್ಷರ ಕುರ್ಚಿಗೆ ಜಗಳವಿಲ್ಲದೆ. ನಮ್ಮ ಕಸಬರಿಗೆ ವಸ್ತುಸಂಗ್ರಹಾಲಯದಲ್ಲಿದೆ. ರಸ್ತೆಯ ಗುಂಡಿಗಳು ತಾವೇ ಮುಚ್ಚಿಕೊಳ್ಳುತ್ತವೆ, ಹೀಗಾಗಿ ಚುನಾವಣೆಯಲ್ಲಿ ಭಾಷಣಕ್ಕೆ ವಿಷಯವೇ ಸಿಗುವುದಿಲ್ಲ. ನನ್ನ ಹೆಂಡತಿ ಸುಗಲಾಳ ಇಳಕಲ್ ಸೀರೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಸೆರಗಿಗೆ ಬಿದ್ದ ಸಾರಿನ ಕಲೆ ನಾವು ಕೈ ತೊಳೆದು ಬರುವಷ್ಟರಲ್ಲಿ ಮಾಯ. ನಿಮ್ಮ ಕಾಲದಲ್ಲಿ ನಮ್ಮ ಕಡೆಯ ನೀರು ಹಲ್ಲನ್ನು ಕಂದಾಗಿಸಿ ಮೊಣಕಾಲನ್ನು ಬಗ್ಗಿಸುತ್ತಿತ್ತಂತೆ. ಈಗ ಅದೇ ನೀರು ಎಳನೀರಿನಷ್ಟು ಸಾಧು. ನನ್ನವ್ವನ ಎದೆಯಲ್ಲಿ ಕಂಡ ಕ್ಯಾನ್ಸರ್ ಗಂಟನ್ನು ಧೂಳಾಳುಗಳು ಹನ್ನೊಂದು ದಿನಗಳಲ್ಲಿ ಎಳೆ ಎಳೆಯಾಗಿ ಬಿಚ್ಚಿ ಹಾಕಿದವು. ಆ ಹನ್ನೊಂದು ದಿನವೂ ಅವ್ವ ಶಾವಿಗೆ ಹೊಸೆಯುತ್ತ ಕೂತಿದ್ದಳು. ಆದ್ದರಿಂದ ಈ ವಿದ್ಯೆಯನ್ನು ಬೈಯಲು ನಾನು ಕೂತಿದ್ದೇನೆಂದು ತಿಳಿಯಬೇಡಿ. ಉಂಡ ಮನೆಯಲ್ಲಿ ಕೂತೇ ಬರೆಯುತ್ತಿದ್ದೇನೆ.

ಧೂಳಾಳುಗಳನ್ನು ಕಾರ್ಖಾನೆಯಿಂದ ಮೂಟೆ ಹೊತ್ತು ತರುವುದಿಲ್ಲ. ಅವು ಮೊಸರಿನಂತೆ ಬೆಳೆಯುತ್ತವೆ. ಒಂದು ಚಮಚ ಬೂದುಬಣ್ಣದ ಗಂಜಿಯನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಪಾತ್ರೆ ತುಂಬ ಆಳುಗಳು. ಆ ಒಂದು ಚಮಚಕ್ಕೇ ನಾವು ಹೆಪ್ಪು ಎನ್ನುವುದು. ನೆಲಕ್ಕೊಂದು ಹೆಪ್ಪು, ಸೀರೆಗೊಂದು, ಕೊಳವೆಗೊಂದು, ಹೊಟ್ಟೆಗೊಂದು. ನೋಡಲು ಎಲ್ಲವೂ ಒಂದೇ, ಅವಳಿ ಮಕ್ಕಳಂತೆ. ಕೆಲಸ ಮಾತ್ರ ಬೇರೆ ಬೇರೆ. ಊರ ಹೆಪ್ಪಿನ ಕಟ್ಟೆಗೆ ಹೋಗಿ ಹೆಸರು ಬರೆಸಿ, ನಲವತ್ತು ದಿನ ಪಾಳಿ ಕಾದರೆ, ಮೊಹರು ಹಾಕಿದ ತಾಯಿಗಡಿಗೆಯೊಂದನ್ನು ಕೊಡುತ್ತಾರೆ. ಜೊತೆಗೊಂದು ಸೀಟಿ. ಮಕ್ಕಳು ಊದುವ ಸೀಟಿಯಲ್ಲ. ಪ್ರತಿ ತಾಯಿಗಡಿಗೆಗೂ ಅದರದೇ ಒಂದು ಸ್ವರವಿದೆ. ಆ ಗಡಿಗೆಯ ವಂಶದ ಆಳುಗಳು ಎಲ್ಲೇ ಇರಲಿ, ಆ ಸ್ವರ ಕಿವಿಗೆ ಬಿದ್ದರೆ ಕೆಲಸ ನಿಲ್ಲಿಸಿ ಧೂಳಾಗಿ ಉದುರಬೇಕು. ಇಡೀ ವಿದ್ಯೆಯ ಕಡಿವಾಣ ಇರುವುದು ಆ ಬೆರಳುದ್ದದ ಸೀಟಿಯಲ್ಲಿ.

ಇದನ್ನು ಕಂಡುಹಿಡಿದ ಪಂಡಿತರು ಎಲ್ಲವನ್ನೂ ಯೋಚಿಸಿದ್ದರು, ಗದಗಿನ ಹಿತ್ತಲನ್ನೊಂದು ಬಿಟ್ಟು. ಹೆಪ್ಪು ಎಂಬ ವಸ್ತು ಮನೆಯಲ್ಲಿ ತೀರಿದರೆ ನಾವು ಕಟ್ಟೆಗೆ ಹೋಗುತ್ತೇವೆಯೇ? ಪಕ್ಕದ ಮನೆಗೆ ಹೋಗುತ್ತೇವೆ. ಆದರೆ ದೀಪ ಹಚ್ಚಿದ ಮೇಲೆ ಹೆಪ್ಪು ಕೊಟ್ಟರೆ ಕೊಟ್ಟವರ ಮನೆಯ ಲಕ್ಷ್ಮಿ ಹೊರಟುಹೋಗುತ್ತಾಳೆ, ಕೈಯಿಂದ ಕೈಗೆ ಕೊಟ್ಟರೆ ಇಬ್ಬರಿಗೂ ಮನಸ್ತಾಪ. ಇದಕ್ಕೆ ನಮ್ಮ ಓಣಿಯ ಹೆಂಗಸರು ಎಂದೋ ಒಂದು ಉಪಾಯ ಹೂಡಿದ್ದರು. ಹನ್ನೊಂದು ಮನೆಗಳ ಹಿತ್ತಲಿಗೂ ಸೇರಿ ಒಂದೇ ಉದ್ದನೆಯ ಗೋಡೆ. ಬೇಕಾದವರು ಸಂಜೆ ಅದರ ಮೇಲೆ ಖಾಲಿ ಬಟ್ಟಲು ಬೋರಲು ಹಾಕುತ್ತಾರೆ. ಇದ್ದವರು ಮುಖ ಆಚೆ ತಿರುಗಿಸಿಕೊಂಡು ತುಂಬಿ ಹೋಗುತ್ತಾರೆ. ಯಾರ ಬಟ್ಟಲು ಎಂದು ನೋಡಕೂಡದು, ಯಾರು ತುಂಬಿದರು ಎಂದು ಕೇಳಕೂಡದು. ಕೊಟ್ಟವರೂ ಇಲ್ಲ, ಇಸಿದುಕೊಂಡವರೂ ಇಲ್ಲ. ಮೊಸರಿನ ಕಾಲದಲ್ಲಿ ಇದು ಎಷ್ಟು ಚೆಂದದ ಪದ್ಧತಿ! ಧೂಳಾಳಿನ ಹೆಪ್ಪೂ ಅದೇ ಗೋಡೆ ಹತ್ತಿತು. ಯಾವ ಹೆಪ್ಪು ಬೇಕೆಂದು ಬೋರಲು ಬಟ್ಟಲಿನ ಕೆಳಗೊಂದು ಗುರುತಿಡುವುದು, ತುಂಬಿದವರು ಅದನ್ನು ಎತ್ತಿಬಿಡುವುದು, ಇಷ್ಟೇ ಹೊಸತು. ಹಾಗೆ ಹಂಚುವುದು ಕಾನೂನಿಗೆ ವಿರುದ್ಧ, ಆದರೆ ಕೊಟ್ಟವರೇ ಇಲ್ಲದ ಮೇಲೆ ಹಿಡಿಯುವುದು ಯಾರನ್ನು? ಹೆಪ್ಪು ಗೋಡೆ ದಾಟುತ್ತಿತ್ತು. ಸೀಟಿ ಮಾತ್ರ ತಾಯಿಗಡಿಗೆಯ ಮನೆಯಲ್ಲೇ ಉಳಿಯುತ್ತಿತ್ತು.

ನಮ್ಮ ಮನೆಯಲ್ಲಿ ಆಗ ಕಿಡ್ನಿಯ ಕಲ್ಲಿನ ಕಾಟ. ಕಟ್ಟೆಯಲ್ಲಿ ಹೆಸರು ಬರೆಸಿದ್ದೆ, ಪಾಳಿ ಇನ್ನೂ ಇಪ್ಪತ್ತಾರು ದಿನ ದೂರವಿತ್ತು. ಅದೇ ವಾರ ಚಂಪವ್ವ ಸೊಂಟದ ಮೇಲೆ ಕೈಯಿಟ್ಟು, ಗೋಡೆ ಹಿಡಿದು, ‘ಅಯ್ಯವ್ವಾ’ ಎನ್ನುತ್ತ ಓಡಾಡುವುದನ್ನು ಕಂಡಿದ್ದೆ. ಕಲ್ಲಿನ ನೋವು ಹೇಗಿರುತ್ತದೆಂದು ಬಲ್ಲ ಮನೆಯವನು ನಾನು; ಅವಳಿಗೂ ಕಲ್ಲೇ ಎಂದು ತೀರ್ಮಾನಿಸಿದೆ. ಮರುದಿನ ಬೆಳಗ್ಗೆ ಅವಳ ಹಿತ್ತಾಳೆ ಬಟ್ಟಲು ಗೋಡೆಯ ಮೇಲೆ ತುಂಬಿ ಕೂತಿತ್ತು. ತರ್ಕಶಾಸ್ತ್ರ ಓದಿದ ತಲೆ ಲೆಕ್ಕ ಹಾಕಿತು: ಚಂಪವ್ವನಿಗೆ ಕಲ್ಲು, ಬಟ್ಟಲು ಚಂಪವ್ವನದು, ಆದ್ದರಿಂದ ಬಟ್ಟಲಲ್ಲಿರುವುದು ಕಲ್ಲಿನ ಹೆಪ್ಪು. ಅರವತ್ತೆರಡರ ಚಂಪವ್ವ ನಾಗರಪಂಚಮಿಯ ಜೋಕಾಲಿ ಆಡಲು ಹೋಗಿ ಬಿದ್ದು, ನಾಚಿಕೆಗೆ ಯಾರಿಗೂ ಹೇಳದೆ ಸೊಂಟ ಹಿಡಿದುಕೊಂಡಿದ್ದಳು ಎಂಬುದು ಯಾವ ತರ್ಕಶಾಸ್ತ್ರದಲ್ಲೂ ಬರುವುದಿಲ್ಲ. ಬಟ್ಟಲಲ್ಲಿದ್ದುದು ಅವಳ ಚಹದ ಕೆಟಲಿನ ಬಿಳಿ ಸುಣ್ಣ ತೆಗೆಯುವ ಹೆಪ್ಪು. ಆ ಚಮಚ ಸುಗಲಾಳ ಹೊಟ್ಟೆ ಸೇರಿತು.

ಹೊಟ್ಟೆಗೆಂದು ಮಾಡಿದ ಆಳಿಗೆ ಕಲ್ಲು ಯಾವುದು ಎಲುಬು ಯಾವುದು ಎಂಬ ವಿವೇಕವನ್ನು ತುಂಬಿರುತ್ತಾರೆ. ಕೊಳವೆ, ಕೆಟಲುಗಳ ಆಳಿಗೆ ಗೊತ್ತಿರುವುದು ಒಂದೇ ಮಾತು: ಸುಣ್ಣ ಕಂಡಲ್ಲಿ ಕೆರೆ. ಮೂರನೆಯ ದಿನ ಸುಗಲಾ ಹೊಸ್ತಿಲು ಇಳಿಯುವಾಗ ಪಾದ ಊರಿದಳು, ಹಪ್ಪಳ ಮುರಿದಂಥ ಸದ್ದಾಯಿತು. ಹಿಮ್ಮಡಿಯ ಮೇಲೆ ಎಲುಬು ಮುರಿದಿತ್ತು. ಆಸ್ಪತ್ರೆಯಲ್ಲಿ ಡಾಕ್ಟರ್ ಪದ್ಮಾವತಿ ಎಲುಬಿನ ಚಿತ್ರ ತೆಗೆದರು. ಅಕ್ಕಿ ತೊಳೆದ ಅಕ್ಕಚ್ಚಿನಂತೆ ಬೆಳ್ಳಗಿದ್ದ ಮೂತ್ರದ ಸೀಸೆಯನ್ನು ಬೆಳಕಿಗೆ ಹಿಡಿದು ನನ್ನನ್ನು ನೋಡಿದರು.

“ಸರ, ಇವು ನಮ್ಮ ಆಸ್ಪತ್ರಿ ಆಳು ಅಲ್ಲ. ಕಲ್ಲಿನ ಗುರುತೂ ಉಳಿಸಿಲ್ಲ ಬಿಡ್ರಿ, ಆದ್ರ ಈಗ ಎಲುವಿಗೆ ಕೈ ಹಚ್ಯಾವ. ಯಾರ ಮನಿ ಹೆಪ್ಪು ಇದು? ಸೀಟಿ ಎಲ್ಲೈತಿ?”

ಊರಿನ ಸೀಟಿಗಳನ್ನೆಲ್ಲ ಒಂದೊಂದಾಗಿ ಊದಿ ನೋಡಬಾರದೇ ಎಂದೆ. ತಮ್ಮದಲ್ಲದ ಸ್ವರ ಕೇಳಿದರೆ ಅವು ಗಾಬರಿಗೊಂಡು ಇಮ್ಮಡಿಯಾಗುತ್ತವೆ ಎಂದರು. ಬೆನ್ನಿನ ಮಣಿಗಳು ಕುಸಿಯಲು ಐದು ದಿನ, ಹೆಚ್ಚೆಂದರೆ ಆರು. ಆಮೇಲೆ ಪಕ್ಕೆಲುಬು, ಆಮೇಲೆ ಉಸಿರು.

ಸುಗಲಾಳನ್ನು ಮನೆಗೆ ತಂದು, ಹತ್ತಿಯ ಹಾಸಿಗೆಯ ಮೇಲೆ ಗಾಜಿನ ಸಾಮಾನು ಇಳಿಸುವಂತೆ ಇಳಿಸಿದೆವು. ನಗಬೇಡ ಎಂದು ಡಾಕ್ಟರ್ ಅವಳಿಗೆ ಹೇಳಿದ್ದರು. ನಗಿಸಬೇಡಿ ಎಂದು ನನಗೆ. ನಲವತ್ತು ವರ್ಷದ ಸಂಸಾರದಲ್ಲಿ ನನಗೆ ಬರುತ್ತಿದ್ದ ಒಂದೇ ಕೆಲಸವನ್ನೂ ಕಿತ್ತುಕೊಂಡಂತಾಯಿತು. ಅವಳೇ ಮೆಲ್ಲಗೆ, ತುಟಿ ಮಾತ್ರ ಆಡಿಸಿ ಹೇಳಿದಳು: “ಹಿಂಗ ಮಾರಿ ಸಣ್ಣದು ಮಾಡ್ಕೊಂಡು ಕುಂದ್ರಬ್ಯಾಡ್ರಿ. ನಿಮ್ಮ ಮಾರಿ ನೋಡಿದ್ರ ನಗಿ ಬರ್ತೈತಿ, ನಕ್ಕರ ಎಲುವು ಮುರಿತೈತಿ.”

ಎರಡು ದಿನ ನಾನು ಮನೆಮನೆ ತಿರುಗಿದೆ. ಗೋಡೆಯ ಮೇಲೆ ಹೆಪ್ಪು ಇಟ್ಟವರು ಯಾರು? ಉಳಿದ ಹತ್ತೂ ಮನೆಗಳಲ್ಲಿ ಒಂದೇ ಉತ್ತರ: “ನಾವ್ಯಾರಿಗೂ ಕೊಟ್ಟಿಲ್ಲರೀ ಸರ.” ಅದು ಸುಳ್ಳಲ್ಲ, ನೋಡಿ. ಯಾರೂ ಯಾರಿಗೂ ಕೊಡುವುದೇ ಇಲ್ಲವಲ್ಲ! ಇನ್ನು ನಾನೋ, ಹೆಪ್ಪು ನಮ್ಮ ಮನೆಗೆ ಹೇಗೆ ಬಂತೆಂದು ಕೇಳಿದವರಿಗೆ “ಬಂತು” ಎನ್ನುತ್ತಿದ್ದೆ, ಹಕ್ಕಿ ಹಾರಿ ಬಂದಂತೆ. ಕದ್ದೆನೆಂದು ಹೇಳಿದರೆ ಅಧ್ಯಾಪಕನ ಮರ್ಯಾದೆ ಹೋಗುತ್ತದೆ. ಎರಡನೆಯ ಸಂಜೆ ಸುಗಲಾ ನೀರು ಕೇಳಿದಳು. ಲೋಟ ಹಿಡಿಯಲು ಬೆರಳು ಮಡಿಸಿದಾಗ ಕಿರುಬೆರಳು ಹಿಂದಕ್ಕೆ ಬಾಗಿತು, ಮೇಣದಂತೆ. ಅವಳು ಬೆರಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು ಅಷ್ಟೆ.

ಮರುದಿನ ಮಧ್ಯಾಹ್ನ ಓಣಿಯವರನ್ನೆಲ್ಲ ನಮ್ಮ ಹಿತ್ತಲಲ್ಲಿ ಕೂಡಿಸಿದೆ. ಸುಗಲಾ ಮಲಗಿದ್ದ ಕೋಣೆಯ ಕಿಟಕಿ ಅತ್ತಲೇ ತೆರೆದಿತ್ತು. ಐವತ್ತು ಜನ. ಎಲ್ಲರೂ ಗೋಡೆಯನ್ನು ನೋಡುತ್ತಿದ್ದರು, ಗೋಡೆಯೇ ಎದ್ದು ಸಾಕ್ಷಿ ಹೇಳಲಿ ಎಂಬಂತೆ. ನಾನು ಎದ್ದು ನಿಂತೆ. ಕೈ ಮುಗಿದು ಹೇಳಿದೆ: ಹೆಂಡತಿಯ ಕಲ್ಲಿನ ಸಂಕಟ ನೋಡಲಾರದೆ ಚಂಪವ್ವನ ಬಟ್ಟಲಿಗೆ ಕೈ ಹಾಕಿದ ಕಳ್ಳ ನಾನು. ಈಗ ನನ್ನ ಮರ್ಯಾದೆ ನಿಮ್ಮ ಕಾಲಡಿ ಬಿದ್ದಿದೆ, ತುಳಿಯಿರಿ. ಆದರೆ ನಿಮ್ಮದನ್ನೂ ಒಂದಿಷ್ಟು ಬಿಟ್ಟುಕೊಡಿ.

ಚಂಪವ್ವ ಸೊಂಟ ಹಿಡಿದೇ ಎದ್ದಳು. “ಅಯ್ಯ ನಿಮ್ಮ! ನೀವ ಏನ್ರೀ ಸರ ನನ್ನ ವಾಟಗದಾಗ ಕೈ ಹಾಕಿದವ್ರು? ನಾ ಪಾಪ ಬೆಕ್ಕಿಗೆ ಬಡದೆ, ಅದು ಮೂರು ದಿನ ಮನಿಗೆ ಬರಲಿಲ್ಲ!” ಎಂದವಳು ಥಟ್ಟನೆ ಬಾಯಿ ಮುಚ್ಚಿಕೊಂಡು ಕಿಟಕಿ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ, ಅದು ಕೆಟಲಿನ ಹೆಪ್ಪೆಂದೂ, ತಾನು ಜೋಕಾಲಿಯಿಂದ ಬಿದ್ದದ್ದೆಂದೂ ಎಲ್ಲ ಹೇಳಿದಳು. ಜೋಕಾಲಿಯ ಮಾತಿಗೆ ಒಬ್ಬರೂ ನಗಲಿಲ್ಲ. ಯಾರು ತುಂಬಿದರೋ ತನಗೆ ತಿಳಿಯದು ಎಂದಳು.

ಮೂರನೆಯ ಮನೆಯ ಹುಸೇನಬಿ ಸೆರಗು ಸರಿಮಾಡಿಕೊಂಡಳು. “ನಾನ ತುಂಬೇನಿ. ಯಾರದಂತ ನೋಡಲಿಲ್ಲ ತಂಗಿ, ನೋಡಬಾರದಂತ ಅಲ್ಲ? ನನಗೂ ಗ್ವಾಡಿ ಮ್ಯಾಲಿಂದನ ಬಂದದ್ದು. ಪಂಚಮಿ ಮುಂದ, ಕೊನೀ ತುದಿಗೆ ವಾಟಗ ಇಟ್ಟಿದ್ದೆ.”

ಗೋಡೆಯ ಕೊನೆಯ ತುದಿಯಲ್ಲಿರುವುದು ಒಂದೇ ಮನೆ, ನೀರಗಂಟಿ ಕೊಟ್ರಯ್ಯನದು. ಊರಿನ ನೀರಿನ ಕೊಳವೆಗಳ ಸುಣ್ಣ ಕೆರೆಸುವುದು ಅವನ ಉದ್ಯೋಗ. ಐವತ್ತು ಕತ್ತುಗಳು ಅತ್ತ ತಿರುಗಿದವು. ಕೊಟ್ರಯ್ಯ ನೆಲ ನೋಡುತ್ತ ಹೇಳಿದ: “ನಾ ಯಾರಿಗೂ ಕೊಟ್ಟಿಲ್ಲ.”

“ಕೊಟ್ಟೀ ಅಂತ ಯಾರಂದ್ರಪ್ಪ?” ಎಂದಳು ಹುಸೇನಬಿ. “ಇಟ್ಟೀಯೇನು ಅಂತ ಕೇಳಾಕತ್ತೀವಿ.”

ಕೊಳವೆಯ ಹೆಪ್ಪನ್ನು ಕೊಟ್ರಯ್ಯ ಮನೆಗೆ ತಂದನೆಂದು ಗೊತ್ತಾದರೆ ನೌಕರಿ ಹೋಗುತ್ತದೆ, ಜೈಲೂ ಆಗಬಹುದು, ಎಲ್ಲರಿಗೂ ಗೊತ್ತಿತ್ತು. ಅವನ ಹೆಂಡತಿ ಅವನ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದಿದ್ದಳು. ಆಗ ಕಿಟಕಿಯ ಒಳಗಿಂದ ಸುಗಲಾ ಕೆಮ್ಮಿದಳು. ಒಂದೇ ಒಂದು ಸಣ್ಣ ಕೆಮ್ಮು, ತಡೆದು ತಡೆದು ಸೋತವರ ಕೆಮ್ಮು. ಅದರ ಬೆನ್ನಿಗೇ ಒಣ ತೊಗರಿಕಟ್ಟಿಗೆ ಮುರಿದಂಥ ಸದ್ದು. ಐವತ್ತು ಜನರೂ ಅದನ್ನು ಕೇಳಿದರು.

ಕೊಟ್ರಯ್ಯ ತೋಳು ಬಿಡಿಸಿಕೊಂಡು ಓಡಿದ. ಸೀಟಿ ಇದ್ದುದು ಮನೆಯಲ್ಲಲ್ಲ, ನೀರಿನ ಟಾಕಿಯ ಕಚೇರಿಯಲ್ಲಿ, ಬೀಗದೊಳಗೆ. ಯಾಕೆ ಬೇಕೆಂದು ಹೇಳದೆ ಕೊಡುವುದಿಲ್ಲ. ಹೇಳಿದರೆ ಇವನು ಉಳಿಯುವುದಿಲ್ಲ. ಅವನು ಬರುತ್ತಾನೋ, ಅತ್ತಲಿಂದ ಅತ್ತ ಊರೇ ಬಿಡುತ್ತಾನೋ ನಮಗೆ ತಿಳಿಯದು. ನಾನು ಒಳಗೆ ಹೋಗಿ ಹಾಸಿಗೆಯ ಪಕ್ಕ ಕೂತೆ. ಅವಳ ಕೈ ಹಿಡಿಯುವಂತಿಲ್ಲ, ಆದ್ದರಿಂದ ಸೆರಗಿನ ತುದಿ ಹಿಡಿದುಕೊಂಡೆ. ಸುಗಲಾ ಅರ್ಧ ಉಸಿರು ಎಳೆದು, ನಿಲ್ಲಿಸಿ, ಬಿಡುತ್ತಿದ್ದಳು. ನಾನೂ ಅವಳ ಲೆಕ್ಕಕ್ಕೇ ಉಸಿರಾಡತೊಡಗಿದೆ. ಹೊರಗೆ ಚಂಪವ್ವ ಯಾವ ಯಾವುದೋ ದೇವರಿಗೆ ಹರಕೆ ಹೊರುತ್ತಿದ್ದಳು, ಹುಸೇನಬಿ ತನ್ನ ದೇವರನ್ನು ಕರೆಯುತ್ತಿದ್ದಳು. ಬಿಸಿಲು ಕಿಟಕಿಯಿಂದ ಇಳಿದು ನೆಲದ ಮೂರು ಫರಸಿಗಳನ್ನು ದಾಟಿತು.

ಕೊಟ್ರಯ್ಯ ಬಂದ. ಅಂಗಿಯೆಲ್ಲ ಬೆವರು, ಹಿಂದೆ ಕಚೇರಿಯ ಇಬ್ಬರು ಜವಾನರು. ಸೀಟಿಯನ್ನು ತುಟಿಗಿಟ್ಟು ಊದಲು ಹೋದ, ಏದುಸಿರಿಗೆ ಸ್ವರವೇ ಹೊರಡಲಿಲ್ಲ. ತಪ್ಪು ಸ್ವರ ಹೊರಟರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಸೀಟಿಯನ್ನು ಕೆಳಗಿಳಿಸಿ, ಗೋಡೆಗೆ ಹಣೆಯಿಟ್ಟು, ಉಸಿರು ಹದಕ್ಕೆ ಬರುವವರೆಗೆ ನಿಂತ. ನಿಂತೇ ನಿಂತ. ಆಮೇಲೆ ಊದಿದ. ಸ್ವರ ತೆಳ್ಳಗೆ, ಸೂಜಿಯಂತೆ, ಕೋಣೆಯನ್ನು ಹೊಲಿದುಕೊಂಡು ಹೋಯಿತು. ಅಷ್ಟರಲ್ಲಿ ಬಂದಿದ್ದ ಡಾಕ್ಟರ್ ಪದ್ಮಾವತಿ, ಆಳುಗಳ ಓಡಾಟ ತೋರಿಸಲೆಂದು ಸುಗಲಾಳ ಮಣಿಕಟ್ಟಿಗೆ ಹಚ್ಚಿದ್ದ ಗಾಜಿನ ಬಿಲ್ಲೆಯನ್ನೇ ನೋಡುತ್ತಿದ್ದರು. ಅದರ ಮೇಲೆ ಗಿಜಿಗುಡುತ್ತಿದ್ದ ಚುಕ್ಕಿಗಳು ಒಮ್ಮೆ ನಡುಗಿ, ನಿಂತು, ಒಂದೊಂದಾಗಿ ಆರಿದವು.

“ಉದುರಿದ್ವು” ಎಂದರು.

ಸುಗಲಾ ಬದುಕಿದಳು. ಮೊದಲಿಗಿಂತ ಎರಡು ಬೆರಳು ಕುಳ್ಳಾಗಿದ್ದಾಳೆ, ಕೋಲು ಹಿಡಿದು ನಡೆಯುತ್ತಾಳೆ. ಕೊಟ್ರಯ್ಯನ ವಿಚಾರಣೆಯ ದಿನ ಓಣಿಯ ಹನ್ನೊಂದೂ ಮನೆಯವರು ಹೋಗಿ, ಇಟ್ಟವರು ನಾವೂ ಹೌದು ಎಂದು ಸಾಲಾಗಿ ನಿಂತೆವು. ಅಷ್ಟು ಜನರನ್ನು ಜೈಲಿಗೆ ಹಾಕಲು ಜಾಗವಿಲ್ಲದೆ ಅವನನ್ನೂ ಬಿಟ್ಟರು, ನೌಕರಿಯೊಂದನ್ನು ಕಿತ್ತುಕೊಂಡು. ಗೋಡೆ ಈಗಲೂ ಇದೆ. ಆದರೆ ಹೆಪ್ಪು ಇಡುವವರು ಬಟ್ಟಲಿಗೆ ತಮ್ಮ ಹೆಸರನ್ನೂ ಸೀಟಿಯ ಸ್ವರವನ್ನೂ ಬರೆದ ಚೀಟಿ ಕಟ್ಟಿ, ಇಸಿದುಕೊಳ್ಳುವವರ ಮುಖ ನೋಡಿಯೇ ಇಡಬೇಕು. ಸಭೆಗಳಲ್ಲಿ ತಪ್ಪನ್ನು ಮೊದಲು ತಾನೇ ಎದ್ದು ಒಪ್ಪಿಕೊಳ್ಳುವುದಕ್ಕೆ ನಮ್ಮ ಊರಿನಲ್ಲಿ ‘ಸೊರಟೂರ ಸತ್ಯ’ ಎಂಬ ಹೆಸರು ಬಿದ್ದಿದೆ. ಶಾಲೆಗಳಿಗೆ ನನ್ನನ್ನು ಕರೆದು ಹಾರ ಹಾಕುತ್ತಾರೆ. ಜಂಭವಿದೆ ಎಂದಿದ್ದೆನಲ್ಲ, ಇದೇ. ಧೂಳಾಳಿಗೆ ಕಡಿವಾಣ ಸೀಟಿಯಲ್ಲ, ಒಬ್ಬ ಮನುಷ್ಯ ಎದ್ದು ನಿಂತು ಆಡುವ ನಿಜ ಎಂದು ಮಕ್ಕಳಿಗೆ ಹೇಳುತ್ತೇನೆ; ಆ ಮನುಷ್ಯ ಯಾರೆಂದು ಅವರೇ ಊಹಿಸುವಂತೆ ಕೊರಳ ಹಾರ ಸರಿಮಾಡಿಕೊಳ್ಳುತ್ತೇನೆ.

ನೀವಿನ್ನೂ ಆರಂಭದಲ್ಲಿದ್ದೀರಿ. ನಿಮ್ಮ ಪ್ರಯೋಗಶಾಲೆಗಳಲ್ಲಿ ಮೊದಲ ಧೂಳಾಳು ಕಣ್ಣು ಬಿಡುತ್ತಿರಬಹುದು. ಸಮಿತಿಗಳು ಕೂರುತ್ತವೆ, ವರದಿಗಳು ಏಳುತ್ತವೆ. ಲಾಭವೆಷ್ಟು, ಅಪಾಯವೆಷ್ಟು ಎಂದು ತೂಗುತ್ತೀರಿ, ತೂಗಿ. ನನ್ನದೊಂದೇ ಬಿನ್ನಹ: ಅಪಾಯವಿಲ್ಲ ಎಂದು ಯಾರಾದರೂ ಹೇಳಿದಾಗ, ಮೊದಲ ಚಮಚ ಯಾರ ಬಾಯಿಗೆ ಹೋಗುತ್ತದೆ ಎಂದು ಕೇಳಿ. ಹೇಳಿದವನ ಬಾಯಿಗೋ, ಅವನನ್ನು ನಂಬಿ ಪಕ್ಕದಲ್ಲಿ ನಿಂತವರ ಬಾಯಿಗೋ?

ಇಲ್ಲಿಗೆ ಕಾಗದ ಮುಗಿಸಿ, ಸುಗಲಾಳಿಗೆ ಓದಿ ಹೇಳಿದೆ. ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಪೂರ್ತಿ ಕೇಳಿದಳು. ಬೆಕ್ಕಿನ ಮಾತಿಗೆ ನಕ್ಕಳು, ಈಗ ನಗಬಹುದು. ಆಮೇಲೆ ಅಂದಳು: “ಛಲೋ ಬರದೀರಿ. ಆದ್ರ ಕಲ್ಲು ಖರೇನ ಯಾರಿಗಿತ್ತು ಅನ್ನೋದೊಂದು ಬರೀಲಿಲ್ಲಲ್ರೀ?”

ಇಷ್ಟು ದಿನ ಅವಳು ಕೇಳಿರಲಿಲ್ಲ. ಆ ಚಮಚ ತನ್ನ ಬಾಯಿಗೆ ಯಾಕೆ ಬಂತೆಂದು ಅವಳಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ.

ಕಲ್ಲು ನನ್ನದು, ಮಾನ್ಯರೇ. ಪಾಳಿ ಬಂದಾಗಲೂ ಕಟ್ಟೆಗೆ ಹೋಗಲಿಲ್ಲ, ಇದನ್ನು ಬರೆಯುವಾಗಲೂ ಬಲ ಮಗ್ಗುಲಲ್ಲಿ ಚುಚ್ಚುತ್ತಿದೆ. ಅವಳಿಗೆ ಎಂದೂ ಕಲ್ಲಿರಲಿಲ್ಲ. ಆ ಬೆಳಗ್ಗೆ ಕದ್ದ ಚಮಚ ಹಿಡಿದು ಅಡುಗೆಮನೆಯಲ್ಲಿ ನಿಂತವನಿಗೆ ಕುಡಿಯಲು ಹೆದರಿಕೆಯಾಯಿತು. “ಸುಗಲಾ, ಇದರ ರುಚಿ ನೋಡು” ಎಂದೆ. ಒಲೆಯ ಕಡೆ ಮುಖ ಮಾಡಿದ್ದವಳು, ಏನದು ಎಂದೂ ಕೇಳದೆ, ಹಿಂತಿರುಗಿ ಬಾಯಿ ತೆರೆದಳು.

ನಿಮ್ಮ ಮುಂದಿನವನಾದ
ಅಂದಾನೆಪ್ಪ ಸೊರಟೂರ